ಬೆಂಚ್ ಗ್ರೈಂಡರ್ ಮಹೋದಯರಿಗೆ, ಒಂದು ಕೋಬಾಲ್ಟ್ ಬಿಟ್ಟಿನ ಪರವಾಗಿ

ನಮ್ಮ ಶೆಡ್ಡಿನ ಕಿಟಕಿ ಪಕ್ಕದ ಮೂಲೆಯಲ್ಲಿ ನಾಲ್ಕು ಬೋಲ್ಟುಗಳ ಮೇಲೆ ಅಲುಗಾಡದೆ ವಿರಾಜಮಾನರಾಗಿ, ಎಡಗಡೆ ಒರಟು ಸಾಣೆಕಲ್ಲನ್ನೂ ಬಲಗಡೆ ನುಣುಪು ಸಾಣೆಕಲ್ಲನ್ನೂ ಧರಿಸಿ, ಸ್ವಿಚ್ ಒತ್ತಿದ ಕ್ಷಣಕ್ಕೇ ಬೀದಿಯ ಕೊನೆಯವರೆಗೆ ತಮ್ಮ ಇರವನ್ನು ಸಾರುವ ಬೆಂಚ್ ಗ್ರೈಂಡರ್ ಮಹೋದಯರ ಸಮ್ಮುಖಕ್ಕೆ, ಎದುರು ಮೂಲೆಯ ಡ್ರಿಲ್ಲಿಂಗ್ ಮಷೀನಿನ ಬಳಿ ನಿಂತು ಲೋಹಕ್ಕೆ ತೂತು ಕೊರೆಯುವುದನ್ನೇ ಉದ್ಯೋಗ ಮಾಡಿಕೊಂಡಿರುವ ಈ ಮನೆಯ ಸೊಸೆ ಕೈಮುಗಿದು, ಕೈಯೆಲ್ಲ ಎಣ್ಣೆಯಾಗಿರುವುದರಿಂದ ತುಸು ದೂರದಿಂದಲೇ ಮುಗಿದು, ಬರೆದುಕೊಳ್ಳುವ ಬಹಿರಂಗ ಅಹವಾಲು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ, ಏಕೆಂದರೆ ಈ ಶೆಡ್ಡಿನಲ್ಲಿ ಬೆಳಿಗ್ಗೆ ಸಂಜೆ ಬಟ್ಟೆಯಿಂದ ಮೈ ಒರೆಸಿಸಿಕೊಳ್ಳುವ ಭಾಗ್ಯ ತಮ್ಮೊಬ್ಬರಿಗೇ ಇರುವುದು. ನನ್ನ ಡ್ರಿಲ್ಲಿನ ಬೆಲ್ಟು ಸವೆದು ಸವೆದು ದಾರವಾಗಿದೆ, ನನ್ನ ಗಂಡನ ವೆಲ್ಡಿಂಗ್ ಮಷೀನಿನ ವೈರಿನಲ್ಲಿ ಈಗ ವೈರಿಗಿಂತ ಟೇಪೇ ಹೆಚ್ಚಾಗಿದೆ, ಆದರೆ ತಮ್ಮ ಬೇರಿಂಗಿಗೆ ಗ್ರೀಸು ತಪ್ಪಿದ ವಾರವೆಂಬುದಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚಿದ್ದಾಗಲೂ ಎಷ್ಟು ಮರ್ಯಾದೆಯಿಂದ ಮಾತಾಡಬಹುದು ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ.

ದೂರು ನಿಜವಾಗಿ ಯಾರ ಮೇಲಿದೆಯೋ ಅವರಿಗೇ ನೇರವಾಗಿ ಹೇಳಬಾರದೇ ಎಂದು ತಾವು ಕೇಳಬಹುದು. ಹೇಳಬಹುದಿತ್ತು. ಆದರೆ ಅವರು ನನ್ನ ಮಾವ, ಈ ಶೆಡ್ಡನ್ನು ಕಟ್ಟಿದವರು, ಇಡೀ ಬೀದಿಗೆ 'ಸಾಣೆ ತಾತ' ಎಂದೇ ಪರಿಚಿತರಾದವರು, ಮತ್ತು ಈ ಸೂರಿನಡಿಯಲ್ಲಿ ಅವರು ಯಾರ ಮಾತನ್ನಾದರೂ ಕಿವಿಗೊಟ್ಟು ಕೇಳುತ್ತಾರೆಂದರೆ ಅದು ಮಹೋದಯರಾದ ತಮ್ಮ ಮಾತನ್ನು ಮಾತ್ರ. ನನ್ನ ಗಂಡನಿಗೆ ಹೇಳು ಎಂದರೆ 'ನೀನೇ ಹೇಳು' ಎನ್ನುತ್ತಾನೆ, ಅತ್ತೆಗೆ ಹೇಳಿ ಎಂದರೆ 'ನಾನು ಹೇಳಿದ್ದನ್ನ ಮದುವೆಯಾದ ವರ್ಷದಿಂದಲೂ ಕೇಳಿಲ್ಲ, ಈಗ ಕೇಳ್ತಾರಾ' ಎನ್ನುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಸಿಗದಿದ್ದಾಗ ಗಂಟೆಗೇ ಒಂದು ಅರ್ಜಿ ಬರೆದುಕೊಳ್ಳುವುದು ಲೇಸೆಂದು ತೋರಿತು.

ಮೊದಲಿಗೆ ತಮ್ಮ ಕೀರ್ತಿಯನ್ನು ಒಪ್ಪಿಕೊಳ್ಳುತ್ತೇನೆ. ಅದು ಸುಳ್ಳು ಕೀರ್ತಿಯಲ್ಲ. ನಾನು ಈ ಮನೆಗೆ ಬಂದ ಹೊಸತರಲ್ಲಿ ಅಕ್ಕಪಕ್ಕದ ಶೆಡ್ಡುಗಳವರು ತೂತು ಕೊರೆದು ಕೊರೆದು ಮೊಂಡಾದ ಡ್ರಿಲ್ ಬಿಟ್ಟುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ತಮ್ಮ ಮುಂದೆ ಸಾಲು ನಿಲ್ಲುತ್ತಿದ್ದರು. ಬಿಟ್ಟಿನ ಮೊನೆಯಲ್ಲಿ ಎರಡು ಅಂಚುಗಳಿರುತ್ತವೆ, ಅವಕ್ಕೆ ನಾವು ತುಟಿ ಎನ್ನುತ್ತೇವೆ. ಆ ಎರಡು ತುಟಿಗಳು ಉದ್ದದಲ್ಲೂ ಓರೆಯಲ್ಲೂ ಒಂದೇ ಸಮ ಇದ್ದರೆ ಮಾತ್ರ ತೂತು ದುಂಡಗೆ ಬರುತ್ತದೆ. ಮಾವನವರು ಬಿಟ್ಟನ್ನು ತಮ್ಮ ಕಲ್ಲಿಗೆ ಒಂದು ಸಲ ಹೀಗೆ, ಒಂದು ಸಲ ಹಾಗೆ ಹೊರಳಿಸಿ, ಬೆಳಕಿಗೆ ಹಿಡಿದು, ಅಳತೆಪಟ್ಟಿಯ ಹಂಗಿಲ್ಲದೆ 'ಸಮ' ಎಂದರೆ ಅದು ಸಮವೇ. ಅಂಗಡಿಯಿಂದ ಬರುವ ಬಿಟ್ಟುಗಳ ಮೊನೆ ಅಡ್ಡಾದಿಡ್ಡಿಯಾಗಿರುತ್ತಿದ್ದ ಆ ಕಾಲದಲ್ಲಿ ಅವರು ಮಾಡಿದ ನಿಯಮವೊಂದಿತ್ತು: 'ಅಂಗಡಿ ಮೊನೆ ಅಂಗಡಿಯವನಿಗೆ ಚೆಂದ. ನಮ್ಮ ಕಲ್ಲು ಮುಟ್ಟಿದ ಮೇಲೇನೇ ಅದು ನಮ್ಮ ಬಿಟ್ಟು.' ಅಂದಿನಿಂದ ಇಂದಿನವರೆಗೆ ಈ ಶೆಡ್ಡಿನ ಬಾಗಿಲು ದಾಟಿ ಬಂದ ಯಾವ ಹೊಸ ಬಿಟ್ಟೂ ಮೊದಲು ತಮ್ಮ ಕಲ್ಲಿಗೆ ಮೂಗು ಉಜ್ಜದೆ ಕೆಲಸಕ್ಕೆ ಸೇರಿದ್ದಿಲ್ಲ. ಹೊಸದಾಗಿ ಬಂದವರನ್ನು ಒಮ್ಮೆ ಚೆನ್ನಾಗಿ ಉಜ್ಜಿದರೇ ಅವರು ಮನೆಗೆ ಹೊಂದಿಕೊಳ್ಳುವುದು ಎಂಬ ಈ ತತ್ತ್ವದ ಬಗ್ಗೆ ಸೊಸೆಯಾಗಿ ನನಗೆ ಸ್ವಂತ ಅನುಭವವಿದೆ, ಅದನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ತಮ್ಮಲ್ಲಿ ನಾನು ಬಹುವಾಗಿ ಮೆಚ್ಚುವ ಗುಣವೆಂದರೆ ಸಮದೃಷ್ಟಿ. ಬಿಟ್ಟುಗಳಲ್ಲಿ ಎಷ್ಟೋ ಜಾತಿಗಳಿವೆ ಎಂದು ಲೋಕ ಹೇಳುತ್ತದೆ. ಬರೀ ಕಾರ್ಬನ್ ಸ್ಟೀಲಿನ ಬಿಟ್ ಮರಕ್ಕೆ ಸಾಕು, ಕಬ್ಬಿಣ ಕಂಡರೆ ಕಾದು ನೀಲಿಯಾಗಿ ಮೆತ್ತಗಾಗುತ್ತದೆ. ಹೈಸ್ಪೀಡ್ ಸ್ಟೀಲಿನದು ಗೇಟು, ಗ್ರಿಲ್ಲು, ಆಂಗಲ್ಲುಗಳಿಗೆ ನಂಬಿಗಸ್ತ ಆಳು. ಅದರ ಮೇಲೆಯೇ ಚಿನ್ನದ ಬಣ್ಣದ ಲೇಪ ಹಚ್ಚಿದ್ದು ಇನ್ನೊಂದು. ಹೈಸ್ಪೀಡ್ ಸ್ಟೀಲನ್ನು ಕರಗಿಸುವಾಗಲೇ ಕೋಬಾಲ್ಟ್ ಬೆರೆಸಿದ್ದು ಮತ್ತೊಂದು. ಗಾಜಿನಂತೆ ಗಟ್ಟಿಯಾಗಿ ಗಾಜಿನಂತೆಯೇ ಒಡೆಯುವ ಕಾರ್ಬೈಡ್ ಮಗದೊಂದು. ಇಂಥ ಭೇದಭಾವವನ್ನು ತಾವು ಎಂದೂ ಒಪ್ಪಲಿಲ್ಲ. ಯಾರೇ ಬರಲಿ, ಎಷ್ಟೇ ಬೆಲೆಯವರಿರಲಿ, ತಮ್ಮ ಬೂದುಬಣ್ಣದ ಕಲ್ಲಿನ ಮುಂದೆ ಎಲ್ಲರ ಮೂಗೂ ಒಂದೇ, ಎಲ್ಲರಿಗೂ ಅದೇ ಕಿಡಿ, ಕೊನೆಗೆ ಎಲ್ಲರಿಗೂ ಅದೇ ತುಕ್ಕು ಹಿಡಿದ ಎಣ್ಣೆ ಡಬ್ಬಿ. ದೊಡ್ಡ ದೊಡ್ಡವರು ಭಾಷಣದಲ್ಲಿ ಮಾತ್ರ ಹೇಳುವ ಸಮಾನತೆಯನ್ನು ತಾವು ಸದ್ದಿನ ಸಮೇತ ಆಚರಣೆಗೆ ತಂದಿದ್ದೀರಿ.

ಇಷ್ಟು ಹೊಗಳಿದ ಮೇಲೆ ವಿಷಯಕ್ಕೆ ಬರದಿದ್ದರೆ ತಾವೇ ಅನುಮಾನ ಪಡುತ್ತೀರಿ. ಹಾಲಿನ ಡೈರಿಯವರು ನಮಗೆ ಹೆಬ್ಬೆರಳು ದಪ್ಪದ ಮೂರು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳನ್ನು ಕೊಟ್ಟು ಹೋಗಿದ್ದರಲ್ಲ, ಅವುಗಳ ಕಥೆ ತಮಗೆ ನೆನಪಿರಬೇಕು. ಅಂಚಿನ ಸುತ್ತ ತೂತು ಕೊರೆಯಬೇಕು, ಅವರ ಅಳತೆಯ ಪಿನ್ನು ಪ್ರತಿ ತೂತಿನಲ್ಲೂ ಅಲುಗಾಡದೆ ಕೂರಬೇಕು, ಮೂರರಲ್ಲಿ ಒಂದಾದರೂ ಸರಿಯಾಗಿ ಬಂದರೆ ಅವರ ಹಾಲಿನ ಟ್ಯಾಂಕುಗಳ ಕೆಲಸವೆಲ್ಲ ನಮ್ಮದು ಎಂಬುದು ಕರಾರು. ಬೀದಿಯಲ್ಲಿ ಬೇರೆ ಯಾರೂ ಒಪ್ಪಿಕೊಳ್ಳದ ಕೆಲಸವನ್ನು ನಾನು ಮುಂದೆ ಬಿದ್ದು ಒಪ್ಪಿಕೊಂಡೆ. ಮಾವನವರು ಆಗಲೇ ಹೇಳಿಬಿಟ್ಟರು: 'ಇದು ಆಗ್ಲಿಲ್ಲ ಅಂದ್ರೆ ಆ ಡ್ರಿಲ್ ಮಷೀನು ಮಾರಿಬಿಡೋಣ. ಗೇಟು ಗ್ರಿಲ್ಲು ಮಾಡ್ಕೊಂಡು ಸುಮ್ನಿರೋಣ. ನೀನು ಮನೇಲಿ ಆರಾಮಾಗಿರು.'

ಆರಾಮಾಗಿರು ಎಂಬ ಮಾತನ್ನು ಅವರು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮಾನ್ಯರೇ, ಗಂಡನಿಗೆ ಊಟದ ಡಬ್ಬಿ ಕೊಡಲು ಬಂದವಳು, ಅಲ್ಲೇ ನಿಂತು ನೋಡುತ್ತ ನೋಡುತ್ತ ಆ ಮಷೀನಿನ ಹಿಡಿಯನ್ನು ನನ್ನದು ಮಾಡಿಕೊಂಡವಳು ನಾನು. ಲೋಹ ಒಳಗೆ ಹೇಗಿದೆ ಎಂಬುದು ಹಿಡಿಯ ಮೂಲಕ ನನ್ನ ಅಂಗೈಗೆ ಗೊತ್ತಾಗುತ್ತದೆ. ಈ ಮನೆಯಲ್ಲಿ ನಾನು ಯಾರ ಸೊಸೆಯೂ ಅಲ್ಲದೆ, ಯಾರ ಹೆಂಡತಿಯೂ ಅಲ್ಲದೆ, ನಾನಾಗಿಯೇ ನಿಲ್ಲುವ ಜಾಗ ಅದೊಂದೇ. ಅದನ್ನು ಮಾರಿ ನನ್ನನ್ನು ಟಿ.ವಿ. ಮುಂದೆ ಕೂರಿಸಿದರೆ ನನಗೆ ತುಂಬ ದುಃಖವಾಗುತ್ತದೆ ಎಂಬುದನ್ನು ಅಲಂಕಾರವಿಲ್ಲದೆ ಇಲ್ಲಿ ದಾಖಲಿಸುತ್ತೇನೆ.

ಮೊದಲನೆಯ ಪ್ಲೇಟಿಗೆ ನನ್ನ ಗಂಡ ಚಿನ್ನದ ಬಣ್ಣದ ಬಿಟ್ ತಂದ. ಏಕೆ ಅದನ್ನೇ ತಂದೆ ಎಂದರೆ 'ನೋಡೋಕೆ ಗಟ್ಟಿಮುಟ್ಟಾಗಿದೆ' ಎಂದ; ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಹಾಲಿನ ಡೈರಿಯ ಕೆಲಸಕ್ಕೇ ಮರೆತ ಮನುಷ್ಯನಿಗೆ ನಾನೇನು ಹೇಳಲಿ. ಆದರೂ ಆ ಬಿಟ್ಟಿಗೆ ಅನ್ಯಾಯ ಮಾಡಬಾರದು. ಆ ಲೇಪ ತೆಳ್ಳಗಿದ್ದರೂ ಗಟ್ಟಿ, ಲೋಹಕ್ಕೆ ಅಂಟಿಕೊಳ್ಳದೆ ಜಾರುವಂಥದ್ದು, ಹೊಸದಾಗಿದ್ದಾಗ ತಕ್ಕಮಟ್ಟಿಗೆ ನಡೆದೀತು. ಅದು ಇರಬೇಕಾದ ಮುಖ್ಯ ಜಾಗ ಮೊನೆ. ಮಾವನವರು ಬಿಟ್ಟನ್ನು ಕವರಿನಿಂದ ಬಿಚ್ಚಿ ನೇರವಾಗಿ ತಮ್ಮ ಬಳಿಗೆ ತಂದರು, ತಾವು ಎಂದಿನ ಆದರದಿಂದ ಅದನ್ನು ಬರಮಾಡಿಕೊಂಡಿರಿ, ಅರೆಗಳಿಗೆಯಲ್ಲಿ ಮೊನೆಯ ಬಂಗಾರವೆಲ್ಲ ಕಿಡಿಯಾಗಿ ನೆಲಕ್ಕೆ ಬಿತ್ತು, ಮೈಮೇಲಿನ ಬಂಗಾರ ಮಾತ್ರ ಹಾಗೇ ಉಳಿಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುವುದುಂಟು. ಇಲ್ಲಿ ಮೂಗುತಿಯನ್ನು ಮೂಗಿನಿಂದ ಕಿತ್ತು ಸೊಂಟಕ್ಕೆ ಸಿಕ್ಕಿಸಿದಂತಾಯಿತು.

ಸ್ಟೇನ್‌ಲೆಸ್ ಸ್ಟೀಲಿನ ಸ್ವಭಾವ ತಮಗೆ ತಿಳಿದಿರಲಿಕ್ಕಿಲ್ಲ, ಏಕೆಂದರೆ ತಮ್ಮ ಬಳಿ ಬರುವವರೆಲ್ಲ ತಲೆ ಬಗ್ಗಿಸಿಯೇ ಬರುತ್ತಾರೆ. ಅದು ಹಟದ ಲೋಹ. ಬಿಟ್ ಅದನ್ನು ಕೊಯ್ಯುತ್ತಿದ್ದರೆ ಕೊಯ್ಯಿಸಿಕೊಳ್ಳುತ್ತದೆ, ಕೊಯ್ಯದೆ ಸುಮ್ಮನೆ ಮೇಲೆ ಮೇಲೆ ಉಜ್ಜಿದರೆ ಉಜ್ಜಿದ ಜಾಗವೇ ಕಲ್ಲಾಗಿ ಕೂರುತ್ತದೆ, ಆಮೇಲೆ ಬ್ರಹ್ಮ ಬಂದರೂ ಒಳಗೆ ಬಿಡುವುದಿಲ್ಲ. ನಮ್ಮ ಬಂಗಾರದ ಸೊಂಟದವನು ಒಂದು ತುಟಿ ಉದ್ದ, ಒಂದು ತುಟಿ ಗಿಡ್ಡ ಮಾಡಿಕೊಂಡು ಬಂದಿದ್ದನಾದ್ದರಿಂದ ಒಂದು ಕಡೆ ಕೊಯ್ದ, ಇನ್ನೊಂದು ಕಡೆ ಉಜ್ಜಿದ, ಬೀದಿಯ ನಾಯಿಗಳೆಲ್ಲ ಎದ್ದು ಊಳಿಡುವಷ್ಟು ಕಿರುಚಿದ. ತೂತೇನೋ ಆಯಿತು. ಡೈರಿಯ ಇಂಜಿನಿಯರು ಬಂದು ಅದರಲ್ಲಿ ಪಿನ್ನು ಬಿಟ್ಟು ಅಲ್ಲಾಡಿಸಿ ನೋಡಿ, 'ಇದು ತೂತಲ್ಲ ಕಣಮ್ಮ, ಗವಿ' ಎಂದರು. ಮಾವನವರು ಪ್ಲೇಟಿನ ಮೇಲೆ ಕೈಯಾಡಿಸಿ 'ಮಾಲು ಸರಿಯಿಲ್ಲ' ಎಂದು ತೀರ್ಪು ಕೊಟ್ಟರು. ತಮ್ಮನ್ನು ಯಾರೂ ಏನೂ ಕೇಳಲಿಲ್ಲ.

ಎರಡನೆಯ ಪ್ಲೇಟಿಗೆ ನನ್ನ ಗಂಡ, ಗಟ್ಟಿ ಲೋಹಕ್ಕೆ ಅದಕ್ಕಿಂತ ಗಟ್ಟಿ ಬಿಟ್ಟೇ ಮದ್ದು ಎಂಬ ಸರಳ ಸಿದ್ಧಾಂತಕ್ಕೆ ಶರಣಾಗಿ ಕಾರ್ಬೈಡ್ ತಂದ. ಆ ದಿನ ಮಾತ್ರ ತಮ್ಮ ಬಗ್ಗೆ ನನಗೆ ಕನಿಕರ ಹುಟ್ಟಿದ್ದು ನಿಜ. ಕಾರ್ಬೈಡಿಗೆ ಬೇರೆಯದೇ ಕಲ್ಲು ಬೇಕು, ತಮ್ಮ ಬೂದುಕಲ್ಲು ಅದಕ್ಕೆ ಹತ್ತುವುದಿಲ್ಲ. ಮಾವನವರು ಒತ್ತಿದರು, ತಾವು ಗುಡುಗಿದಿರಿ, ಕಿಡಿಯೆಂಬುದು ಕಾಣಲಿಲ್ಲ, ಕೊನೆಗೆ ಬಿಟ್ಟಿನ ಬದಲು ತಮ್ಮ ಕಲ್ಲೇ ಸವೆದು ಕನ್ನಡಿಯಂತೆ ಫಳಫಳ ಹೊಳೆಯಿತು. 'ನಮ್ಮ ಕಲ್ಲಿಗೇ ಬಗ್ಗಲ್ಲ ಅಂದ್ರೆ ಇದು ಭಾರೀ ಮಾಲು' ಎಂದು ಮಾವನವರು ಬೆನ್ನು ತಟ್ಟಿ ಕಳಿಸಿಕೊಟ್ಟರು. ಆದರೆ ಕಾರ್ಬೈಡ್ ಬಿಸಿ ತಾಳುತ್ತದೆ, ಗಟ್ಟಿ ತಾಳುತ್ತದೆ, ಅಲುಗಾಟವನ್ನು ಮಾತ್ರ ತಾಳುವುದಿಲ್ಲ. ನನ್ನ ಮಷೀನೋ, ಹಲ್ಲು ಸಡಿಲವಾದ ಮುದುಕನಂತೆ ತುಸು ಅಲುಗುವಂಥದ್ದು. ಅರ್ಧ ತೂತಿನಲ್ಲಿ ಟಪ್ಪೆಂದು ಸದ್ದಾಯಿತು. ಮುರಿದ ಮೊನೆ ಪ್ಲೇಟಿನ ಹೊಟ್ಟೆಯಲ್ಲೇ ಉಳಿಯಿತು, ಅದನ್ನು ಕೊರೆದು ತೆಗೆಯಬಲ್ಲ ಬಿಟ್ ನಮ್ಮ ಶೆಡ್ಡಿನಲ್ಲಿ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಪ್ಲೇಟನ್ನು ಈಗ ಅತ್ತೆಯವರು ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟುಕೊಂಡಿದ್ದಾರೆ, ನಾನು ದಿನವೂ ಅದನ್ನು ಎಡವುತ್ತೇನೆ.

ಉಳಿದದ್ದು ಒಂದೇ ಪ್ಲೇಟು. ಈ ಸಲ ನಾನೇ ಟೂಲ್ಸ್ ಅಂಗಡಿಗೆ ಹೋದೆ. ಅಂಗಡಿಯಮ್ಮ ನನ್ನ ಮುಖ ನೋಡಿಯೇ ಚಿನ್ನದ ಬಣ್ಣದ್ದನ್ನು ಒಳಗಿಟ್ಟು, ಮಾಸಿದ ಹಿತ್ತಾಳೆಯ ಬಣ್ಣದ, ಚೂರೂ ಅಂದವಿಲ್ಲದ ಒಂದು ಬಿಟ್ಟನ್ನು ಮುಂದಿಟ್ಟರು. 'ಸ್ಟೇನ್‌ಲೆಸ್‌ಗೆ ಕೋಬಾಲ್ಟ್ ತಗೊಳಮ್ಮ, ಬಣ್ಣ ನೋಡ್ಬೇಡ. ಇದು ಮೇಲಿನ ಲೇಪ ಅಲ್ಲ, ಒಳಗೂ ಹೊರಗೂ ಒಂದೇ. ಸ್ಪೀಡು ಕಮ್ಮಿ ಇಡು, ಒತ್ತು ಬಿಡಬೇಡ, ಎಣ್ಣೆ ಹಾಕ್ತಾ ಇರು. ಮೊನೆ ಮಾತ್ರ ಕಂಪನಿಯಿಂದ ಬಂದ ಹಾಗೇ ಇರಲಿ, ಹೊಸದರಲ್ಲೇ ಯಾರ ಕೈಗೂ ಕೊಡಬೇಡ' ಎಂದರು. ಕೊನೆಯ ಮಾತನ್ನು ಹೇಳುವಾಗ ಅವರು ನಮ್ಮ ಬೀದಿಯ ಕಡೆಗೆ ನೋಡಿದ್ದನ್ನು ನಾನು ಗಮನಿಸಿದೆ. ಅಂದರೆ ವಿಷಯ ನಮ್ಮ ಶೆಡ್ಡನ್ನು ದಾಟಿ ಅಂಗಡಿಯವರೆಗೂ ಹೋಗಿಯಾಗಿತ್ತು.

ಆ ವಿಷಯವನ್ನು ನಾನೂ ಈಗ ಬಾಯಿಬಿಟ್ಟು ಹೇಳಬೇಕು. ಮಾವನವರಿಗೆ ಕಣ್ಣು ಕಾಣುತ್ತಿಲ್ಲ. ಪೊರೆ ಬಂದಿದೆ. ಮೊಳೆಗೆ ನೇತುಹಾಕಿದ ಅಂಗಿಯನ್ನು ಕಂಡು 'ಬಂದ್ಯಾ ಮಗಾ' ಎನ್ನುತ್ತಾರೆ, ಡಬ್ಬಿಯಲ್ಲಿನ ಬಿಟ್ಟುಗಳನ್ನು ಮುಟ್ಟಿ ಮುಟ್ಟಿ ಅಳತೆ ಹೇಳುತ್ತಾರೆ, ಬೆಳಕಿಗೆ ಹಿಡಿದು ನೋಡುವ ಶಾಸ್ತ್ರವನ್ನು ಇಂದಿಗೂ ಬಿಟ್ಟಿಲ್ಲ, ನೋಡಿದ ಮೇಲೆ ಅದೇ ಗಾಂಭೀರ್ಯದಿಂದ 'ಸಮ' ಎನ್ನುತ್ತಾರೆ. ಅದು ಸಮವಿರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಆಸ್ಪತ್ರೆಯ ಮಾತೆತ್ತಿದರೆ ಅವರು ಎದ್ದು ಬಂದು ತಮ್ಮ ಸ್ವಿಚ್ ಒತ್ತುತ್ತಾರೆ, ತಾವು ಗುಡುಗತೊಡಗುತ್ತೀರಿ, ನಮ್ಮ ಮಾತು ಅಲ್ಲಿಗೆ ಮುಗಿಯುತ್ತದೆ. ಈ ವಿಚಾರದಲ್ಲಿ ತಾವು ಅವರಿಗೆ ನೀಡುತ್ತಿರುವ ಸಹಕಾರ ಯಾವ ವಕೀಲನಿಗೂ ಸಾಧ್ಯವಿಲ್ಲ. ಕಲ್ಲಿನ ಮುಂದಿದ್ದ ಕಾವಲು ಗಾಜನ್ನೂ 'ಮಬ್ಬಾಗಿದೆ, ಅಡ್ಡ ಬರುತ್ತೆ' ಎಂದು ಅವರು ಬಿಚ್ಚಿಸಿ ಹಾಕಿದರಲ್ಲ, ಮಬ್ಬಾಗಿದ್ದದ್ದು ಗಾಜಲ್ಲ ಎಂದು ತಾವಾದರೂ ಅವರ ಕಿವಿಯಲ್ಲಿ ಉಸುರಬಹುದಿತ್ತು.

ಹೊಸ ಕೋಬಾಲ್ಟ್ ಬಿಟ್ಟನ್ನು ತಮ್ಮಿಂದ ಬಚ್ಚಿಡುವುದು ಹೇಗೆಂಬ ಚಿಂತೆಯಲ್ಲಿ ನಾನು ಅಡುಗೆಮನೆಯಲ್ಲಿ ನಿಂತಿದ್ದಾಗ ಅತ್ತೆಯವರು ಕಪಾಟು ತೆಗೆದು ಮಾವನವರ ಕನ್ನಡಕದ ಡಬ್ಬಿಯನ್ನು ಕೈಗಿತ್ತರು. 'ಇದರಲ್ಲಿಡು. ಅವರು ಈ ಡಬ್ಬಿ ತೆಗೆದ ದಿನ ನಾನೇ ಬೀದಿಗೆಲ್ಲ ಸಿಹಿ ಹಂಚ್ತೀನಿ' ಎಂದರು. ಹಾಗಾಗಿ ತಮಗೆ ನಡೆಯಬೇಕಾಗಿದ್ದ ಸೇವೆಯಲ್ಲಿ ಒಂದು ಮೋಸ ನಡೆಯಿತು. ಅದೇ ಅಳತೆಯ ಹಳೆಯ ಹೈಸ್ಪೀಡ್ ಬಿಟ್ಟೊಂದನ್ನು ಹೊಸದರ ಪ್ಲಾಸ್ಟಿಕ್ ಕವರಿಗೆ ತುರುಕಿ ಮಾವನವರಿಗೆ ಕೊಟ್ಟೆ. ಅವರು ಬಿಚ್ಚಿದರು, ಮೂಸಿದರು, 'ಪರವಾಗಿಲ್ಲ, ಒಳ್ಳೇ ಮಾಲು' ಎಂದರು, ತಮ್ಮ ಕಲ್ಲಿಗೆ ಹಿಡಿದರು, ಬೆಳಕಿಗೆ ಎತ್ತಿದರು, ನನ್ನ ಕೈಗಿಟ್ಟರು. ನಾನು ಅದನ್ನು ಏಪ್ರನ್ನಿನ ಎಡ ಜೇಬಿಗೆ ಹಾಕಿಕೊಂಡು ಬಲ ಜೇಬಿನಿಂದ ಕೋಬಾಲ್ಟನ್ನು ತೆಗೆದೆ. ನನ್ನ ಗಂಡ ವೆಲ್ಡಿಂಗ್ ಮಾಡದಿದ್ದರೂ ಮುಖಕ್ಕೆ ವೆಲ್ಡಿಂಗ್ ಗಾಜು ಹಿಡಿದು ನಿಂತಿದ್ದ. ನೋಡಲಿಲ್ಲ ಎಂದು ಮುಂದೆ ಪ್ರಮಾಣ ಮಾಡಲು ಅನುಕೂಲವಾಗಲಿ ಎಂದು.

ಮಾನ್ಯರೇ, ಆ ಕೋಬಾಲ್ಟ್ ನಡೆದುಕೊಂಡ ರೀತಿಯನ್ನು ತಾವು ನೋಡಬೇಕಿತ್ತು. ಬೆಲ್ಟನ್ನು ದೊಡ್ಡ ಪುಲ್ಲಿ ಗಾಲಿಗೆ ದಾಟಿಸಿ ವೇಗ ಇಳಿಸಿದ್ದೆ. ಮೊದಲ ಒತ್ತಿಗೆ ಕಚ್ಚಿತು, ಕಚ್ಚಿದ್ದನ್ನು ಬಿಡಲಿಲ್ಲ, ಕಿರುಚಲಿಲ್ಲ. ಎರಡೂ ತುಟಿಗಳಿಂದ ಲೋಹದ ಎರಡು ಉದ್ದುದ್ದ ಸುರುಳಿಗಳು ಒಂದೇ ಸಮ ಏಳುತ್ತ ಬಂದವು, ಎಣ್ಣೆ ಸಣ್ಣಗೆ ಹೊಗೆಯಾಡಿತು, ಹಿಡಿಯಲ್ಲಿ ನನ್ನ ಅಂಗೈ ತಣ್ಣಗಿತ್ತು. ಕೊನೆಯ ತೂತು ಆಚೆ ಬದಿಗೆ ಹಾಯ್ದಾಗ ನಾನು ಅತ್ತುಬಿಟ್ಟೆ. ಎಣ್ಣೆ ಹೊಗೆ ಕಣ್ಣಿಗೆ ಹೋಯಿತು ಎಂದು ಎಲ್ಲರಿಗೂ ಹೇಳಿದ್ದೇನೆ, ತಮಗೆ ಮಾತ್ರ ನಿಜ ಹೇಳುತ್ತಿದ್ದೇನೆ.

ಡೈರಿಯ ಇಂಜಿನಿಯರು ಒಂದೊಂದು ತೂತಿಗೂ ಪಿನ್ನು ಬಿಟ್ಟರು, ಅದು ಕೂತಿತು, ಅಲುಗಲಿಲ್ಲ. ಅವರು ಸಂತೋಷದಿಂದ 'ಬಿಟ್ಟಿಗೆ ಮೊನೆ ಹಿಡಿದಿದ್ದು ಯಾರು?' ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ತನ್ನ ಅಪ್ಪನ ಕಡೆಗೆ ನೋಡಿದ, ಅತ್ತೆಯೂ ಅಭ್ಯಾಸಬಲದಿಂದ ಅವರ ಕಡೆಗೇ ನೋಡಿದರು, ಮಾವನವರು ವಿನಯದಿಂದ ತಮ್ಮ ಕಲ್ಲಿನ ಕಡೆಗೆ ಕೈ ತೋರಿ 'ನಂದೇನಿಲ್ಲ, ಕಲ್ಲು ಚೆನ್ನಾಗಿದೆ, ಅಷ್ಟೇ' ಎಂದುಬಿಟ್ಟರು. ತಾವು ಯಾವ ವಿನಯವನ್ನೂ ತೋರದೆ ಆ ಕೀರ್ತಿಯನ್ನು ಸ್ವೀಕರಿಸಿದಿರಿ. ಆ ಸಂಜೆ ತಮ್ಮ ಮೈಯನ್ನು ಹೊಸ ಬಟ್ಟೆಯಿಂದ ಒರೆಸಲಾಯಿತು. ಕಳ್ಳತನದಿಂದ ಗೆದ್ದವಳಾದ ನನಗೆ ನ್ಯಾಯ ಕೇಳುವ ಮುಖವಿಲ್ಲ; ಹಾಗೆಂದು ಹೊಟ್ಟೆ ಉರಿಯದೆ ಇರಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ, ಅದನ್ನೂ ಯಾರೂ ಗಮನಿಸಲಿಲ್ಲ.

ಈಗ ಕಷ್ಟ ಶುರುವಾಗಿದೆ. ಕೆಲಸ ಸಿಕ್ಕಿದೆ, ಗಾಡಿಯಲ್ಲಿ ಪ್ಲೇಟುಗಳು ಬಂದು ಬಿದ್ದಿವೆ, ಡ್ರಿಲ್ ಮಷೀನು ಮಾರುವ ಮಾತು ನಿಂತಿದೆ. ಆದರೆ ಕೋಬಾಲ್ಟಾದರೂ ಅದು ಲೋಹವೇ, ಕೊರೆಯುತ್ತ ಕೊರೆಯುತ್ತ ಮೊಂಡಾಗುತ್ತದೆ, ಮೊಂಡಾದದ್ದನ್ನು ಮತ್ತೆ ಮತ್ತೆ ಸಾಣೆ ಹಿಡಿಯಲೇಬೇಕು, ಒಳಗೂ ಹೊರಗೂ ಒಂದೇ ಆದ್ದರಿಂದ ಹಿಡಿದರೆ ಹೊಸದರಂತೆಯೇ ಆಗುತ್ತದೆ. ಅಂದರೆ ಇಷ್ಟು ದಿನ ತಮ್ಮಿಂದ ತಪ್ಪಿಸಿಕೊಂಡು ಓಡಿದವಳು ಕೊನೆಗೆ ತಮ್ಮ ಬಾಗಿಲಿಗೇ ಬರಬೇಕಾಗಿದೆ. ಎರಡು ತುಟಿಯನ್ನು ಸಮ ಮಾಡುವ ಕೈ ಈ ಶೆಡ್ಡಿನಲ್ಲಿ ಒಂದೇ ಇದೆ, ಅದಕ್ಕೆ ಕಣ್ಣಿಲ್ಲ. ಕಣ್ಣು ನನಗಿದೆ, ನನಗೆ ಆ ಕೈಯಿಲ್ಲ. ಕಲಿಸಿ ಎಂದು ಕೇಳಿದಾಗಲೆಲ್ಲ 'ಕಿಡಿ ಕಣ್ಣಿಗೆ ಬಿದ್ದೀತು, ನಿನಗ್ಯಾಕಮ್ಮ' ಎಂದು ನನ್ನನ್ನು ದೂರ ಕಳಿಸಿದ್ದಾರೆ. ಅವರು ಕಲಿಸದೆ ಬಿಟ್ಟರೆ ಈ ವಿದ್ಯೆ ಅವರೊಂದಿಗೇ ಮುಗಿಯುತ್ತದೆ, ಅದಕ್ಕಿಂತ ಮೊದಲು ಡೈರಿಯ ಕೆಲಸ ಮುಗಿಯುತ್ತದೆ, ಅದಕ್ಕಿಂತಲೂ ಮೊದಲು ಅವರ ಬೆರಳು. ಹೋದ ವಾರ ಅವರ ಹೆಬ್ಬೆರಳಿನ ಉಗುರು ತಮ್ಮ ಕಲ್ಲಿಗೆ ತಾಗಿ ಚೂರು ಹಾರಿತು. ಅವರು ಬೆರಳನ್ನು ಬಾಯಿಗಿಟ್ಟುಕೊಂಡು 'ಬಿಟ್ಟು ಜಾರಿತು' ಎಂದರು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ, ಸಾಕ್ಷಿ ಕೇಳದೆ ನಡೆಸಿಕೊಡಬೇಕು. ಮಾವನವರು ಬಿಟ್ ಹಿಡಿದು ಬರುವಾಗ ತಾವು ದಯಮಾಡಿ ಮೂರ್ಛೆ ಹೋಗತಕ್ಕದ್ದು. ಮೂರ್ಛೆ ಅಭ್ಯಾಸವಿಲ್ಲದಿದ್ದರೆ, ಹೊಸ ಬಿಟ್ ಯಾವುದು, ಹಳೆಯದು ಯಾವುದು, ಚಿನ್ನದ ಲೇಪದ್ದು ಯಾವುದು, ಕಾರ್ಬೈಡ್ ಯಾವುದು ಎಂದು ಬರುವವರ ಮುಖ ನೋಡಿಯೇ ಗುರುತಿಸಿ, ಸಾಣೆ ಬೇಡದವರನ್ನು 'ಇಂದು ಭೇಟಿ ಇಲ್ಲ' ಎಂದು ದೊಡ್ಡ ಅಧಿಕಾರಿಗಳ ಹಾಗೆ ಬಾಗಿಲಲ್ಲೇ ವಾಪಸ್ ಕಳಿಸುವುದು. ಕಾವಲು ಗಾಜು ತಮ್ಮ ಹಣೆಯ ಮೇಲೆ ತಾನಾಗಿ ಮತ್ತೆ ಬೆಳೆಯುವಂತೆ ನೋಡಿಕೊಳ್ಳುವುದು. ಬೆರಳು ಹತ್ತಿರ ಬಂದರೆ ಕಲ್ಲು ಹತ್ತಿಯಾಗುವುದು, ಬಿಟ್ ಬಂದರೆ ಮತ್ತೆ ಕಲ್ಲಾಗುವುದು. ಇವು ಯಾವುವೂ ಆಗದಿದ್ದರೆ ಒಂದೇ ಒಂದನ್ನಾದರೂ ನಡೆಸಿಕೊಡಿ: ಅವರು ಕೇಳುವ ದನಿ ತಮ್ಮದೊಂದೇ ಆದ್ದರಿಂದ, ಒಂದು ದಿನ ಗುಡುಗುವುದನ್ನು ನಿಲ್ಲಿಸಿ ಮೆಲ್ಲಗೆ, 'ಯಜಮಾನರೇ, ಕೈ ಇವತ್ತಿಗೂ ನಿಮ್ಮದೇ, ಕಣ್ಣೊಂದು ಸೊಸೆಯದು ಇಟ್ಕೊಳ್ಳಿ' ಎಂದು ಹೇಳಿಬಿಡಿ. ಅಷ್ಟು ಹೇಳಲು ನನ್ನಿಂದ ಆಗಲಿಲ್ಲ.

ತಮ್ಮ ಹೊಳಪು ದಿನದಿನಕ್ಕೂ ಹೆಚ್ಚಲಿ, ತಮ್ಮ ಬೇರಿಂಗು ನೂರ್ಕಾಲ ತಿರುಗಲಿ, ತಮ್ಮ ಹಸಿವು ಮಾತ್ರ ಕೊಂಚ ಕಡಿಮೆಯಾಗಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಎದುರು ಮೂಲೆಯ ಡ್ರಿಲ್ಲಿನವಳು

ತಾಜಾ ಕಲಂ: ಈ ಪತ್ರವನ್ನು ತಮ್ಮ ಮೋಟಾರಿನ ಮೇಲೆಯೇ ಅಂಟಿಸಿದ್ದೆ. ಇಂದು ಬೆಳಿಗ್ಗೆ ಮೈ ಒರೆಸಲು ಬಂದ ಮಾವನವರ ಕೈಗೆ ಅದು ಸಿಕ್ಕಿತು. 'ಏನಿದು?' ಎಂದರು. ಸೂಚನೆ ಮಾವ, ಎಂದೆ. 'ಓದು' ಎಂದರು. ಇಷ್ಟು ಹಾಳೆಗಳ ತುಂಬ ಹುಲಿಯ ಹಾಗೆ ಗರ್ಜಿಸಿದ್ದ ನಾನು ಇಲಿಯ ದನಿಯಲ್ಲಿ, ಕಣ್ಣಿಗೆ ಕಾವಲು ಕನ್ನಡಕವಿಲ್ಲದೆ ಯಾರೂ ಈ ಕಲ್ಲಿನ ಬಳಿ ನಿಲ್ಲಕೂಡದು, ಎಂದು ಇಲ್ಲದ ಒಂದು ಸಾಲನ್ನು ಓದಿ ನಿಲ್ಲಿಸಿದೆ. ಮಾವನವರು ಹಾಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿ, 'ಇಷ್ಟೇನಾ? ಇಷ್ಟು ಹೇಳೋಕೆ ಇಷ್ಟೊಂದು ಹಾಳೆ ಬೇಕಾಯ್ತಾ ನಿನಗೆ?' ಎಂದರು. ಆಮೇಲೆ ಹಾಳೆಗಳನ್ನು ನನ್ನ ಕೈಗಿಟ್ಟು, 'ಹಂಗಾದ್ರೆ ಆ ಕನ್ನಡಕ ನೀನೇ ಹಾಕ್ಕೊಂಡು ಬಾ. ಆ ಕೋಬಾಲ್ಟೂ ತಗೊಂಡು ಬಾ' ಎಂದರು. ಯಾವ ಕೋಬಾಲ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಹಿಂದೆ ನಿಂತು ನನ್ನ ಮಣಿಕಟ್ಟು ಹಿಡಿದು ಒಂದು ಸಲ ಹೀಗೆ, ಒಂದು ಸಲ ಹಾಗೆ ಹೊರಳಿಸಿದರು, ಆಮೇಲೆ ಕೈಬಿಟ್ಟರು. ನಾನೊಬ್ಬಳೇ ಹಿಡಿದ ಮೊನೆಯನ್ನು ಬೆರಳಿನಿಂದ ಸವರಿ ನೋಡಿ ಮುಖ ಕಿವುಚಿಕೊಂಡರು, ಆದರೆ ನನ್ನ ಕಡೆಗೆ ತಿರುಗಲಿಲ್ಲ. ಮಾನ್ಯರೇ, ತಮ್ಮ ಮೋಟಾರಿನ ಬೆನ್ನು ತಟ್ಟಿ, 'ಏನಪ್ಪಾ ಕಲ್ಲೇ, ಒಂದು ತುಟಿ ಉದ್ದ ಬಿಟ್ಟಿದೀಯಲ್ಲ. ನಾಳೆ ಸರಿಯಾಗಿ ಕಲಿತ್ಕೋ' ಎಂದು ತಮಗೇ ಹೇಳಿ ಹೋದರು.